ನಮ್ಮ ಮನೆಯ ಶಾಣ್ಯಾಕಿ, ಕೊಳಕೂರಿನ ಉಡಾಳ

ನಾನು ಆರನೇ ಇಯತ್ತೆಯ ನಡುವೆ ಶಾಲೆ ಬಿಟ್ಟವನು. ಅದಕ್ಕೆ ಯಾರೂ ಮರುಗಬೇಕಾಗಿಲ್ಲ. ಅಫಜಲಪುರದ ಒಂದು ಹಿಟ್ಟಿನ ಗಿರಣಿಯಲ್ಲಿ ಬೀಸುವ ಕಲ್ಲಿಗೆ ಟಾಕಿ ಹೊಡೆದು ಹರಿತ ಮಾಡುವುದರಿಂದ ಹಿಡಿದು ಮೋಟರಿನ ಪಟ್ಟಾ ಹೊಲಿಯುವ ತನಕ ಎಲ್ಲ ಕಲಿತೆ. ಮದುವೆಯಾದ ಮೇಲೆ ಆಳಂದದಲ್ಲಿ ಸ್ವಂತ ಗಿರಣಿ ಹಾಕಿದೆ. ನನ್ನ ಗಿರಣಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅಂಚು ಸೀಳುವುದಿಲ್ಲ ಎಂದು ಊರು ಒಪ್ಪಿತ್ತು. ನಾನೂ ಒಪ್ಪಿದ್ದೆ. ಅಂಥವನ ಮಗಳು ಶಾಣ್ಯಾಕಿ, ಅಂದರೆ ಬುದ್ಧಿವಂತೆ, ಆಗಿಯೇ ಇರಬೇಕು ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಶಾಲೆಯ ಹೆಡ್ ಮಾಸ್ತರರಿಗೆ ಇತ್ತು. ಅವಳಿಗೆ ಆ ಶಾಲೆಯಲ್ಲಿ ಕೂರಲು ಜಾಗ ಸಿಕ್ಕೀತೋ ಇಲ್ಲವೋ ಎಂಬ ಒಂದೇ ಚಿಂತೆಯಲ್ಲಿ ನಮ್ಮ ಮನೆ ಒಂದು ಬೇಸಿಗೆ, ಅರ್ಧ ಮಳೆಗಾಲ ಕಳೆಯಿತು.

ತೊಂಬತ್ತರ ಆಸುಪಾಸಿನ ಮಾತು. ಮಗಳಿಗೆ ಐದು ನಡೆದಿತ್ತು. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೋ ಏನೋ ಎಂದುಕೊಂಡರೆ, ಗಿರಣಿಯ ಪಟ್ಟಾ ಜರಾ ಸಡಿಲಾಗಿ ದನಿ ಬದಲಾದ ಕೂಡಲೇ ಹಿತ್ತಲಿನಿಂದ ಓಡಿ ಬಂದು ಮೋಟರಿನ ಮುಂದೆ ನಿಲ್ಲುತ್ತಿದ್ದಳು. ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

"ಕರದ್ರ ಓಗೊಡಾಂಗಿಲ್ಲಲ್ರಿ ಈಕಿ," ಎಂದು ಹೆಂಡತಿ ಕೊರಗಿದರೆ ನಾನು, "ದೊಡ್ಡ ಸಾಹೇಬ್ರು ಕರದ ಕೂಡ್ಲೆ ಎದ್ದು ಬರ್ತಾರೇನು?" ಎನ್ನುತ್ತಿದ್ದೆ.

ಮಾತು ಬೇರೆಯೇ ಒಂದು ತಮಾಷೆ. ನಾವೆಲ್ಲ ಬಾ ಬೇ, ಹೋಗ್ ಬೇ ಎಂದು ಮಾತಾಡುವವರು. ಅವಳ ಬಾಯಿಂದ ಬರುವುದೆಲ್ಲ ರೇಡಿಯೋದ ಕನ್ನಡ. ಸಂಜೆ ಬರುವ ಪೇಟೆ ಧಾರಣೆಯನ್ನು ಒಮ್ಮೆ ಕೇಳಿದರೆ ಸಾಕು, ಓದಿದವರ ದನಿಯಲ್ಲೇ, ಅವರು ಉಸಿರು ಎಳೆದ ಕಡೆ ತಾನೂ ಎಳೆದು, ಒಪ್ಪಿಸುತ್ತಿದ್ದಳು. "ತೊಗರಿ ಸ್ಥಿರ. ಜೋಳ ಇಳಿಮುಖ." ಹಸಿವಾಗ್ಯದೇನು ಎಂದು ಕೇಳಿದರೆ "ಹಸಿವಾಗ್ಯದೇನು" ಎಂದು ನಮಗೇ ತಿರುಗಿ ಕೇಳುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ "ಇಲ್ಲಿಗೆ ಪೇಟೆ ಧಾರಣೆ ಮುಗಿಯಿತು" ಎಂದು ಎದ್ದು ಹೋಗುತ್ತಿದ್ದಳು. ನನ್ನ ಅವ್ವ ತುತ್ತು ಕೈಯಲ್ಲಿ ಹಿಡಿದು ಕುಳಿತಿರುತ್ತಿದ್ದಳು.

"ಯಾವ ಬೆಂಗಳೂರ ಆಫೀಸರ ಸತ್ತು ನಮ್ಮ ಮನ್ಯಾಗ ಹುಟ್ಯಾನೋ," ಎನ್ನುತ್ತಿದ್ದಳು ಅವ್ವ. "ನಮ್ಮ ಮಾತೇ ಆಡಲ್ಲ."

ನನಗೆ ಇದು ಬೈಗುಳವಾಗಿ ಕೇಳಿಸುತ್ತಿರಲಿಲ್ಲ. ಗಿರಣಿಗೆ ಬಂದವರ ಮುಂದೆ ಮಗಳನ್ನು ನಿಲ್ಲಿಸಿ ಧಾರಣೆ ಹೇಳಿಸುತ್ತಿದ್ದೆ. ತೊಗರಿ ಮಾರಲು ಬಂದ ರೈತರು ಗಾಡಿ ನಿಲ್ಲಿಸಿ ಕೇಳಿಕೊಂಡು ಹೋಗುತ್ತಿದ್ದರು.

ಇನ್ನು ಡಬ್ಬಿಗಳ ವಿಷಯ. ಹಿಟ್ಟಿನ ಗಿರಣಿಯಲ್ಲಿ ಮನುಷ್ಯರು ಪಾಳಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಹೆಣ್ಣುಮಕ್ಕಳು ಬೆಳಗ್ಗೆ ಬಂದು ಕಾಳಿನ ಡಬ್ಬಿಯನ್ನು ಸಾಲಿನ ಕೊನೆಗೆ ಇಟ್ಟು, ಮನೆಗೆ ಹೋಗಿ ಕೆಲಸ ಮುಗಿಸಿ ಬರುತ್ತಾರೆ. ಯಾರ ಡಬ್ಬಿಯನ್ನೂ ಯಾರೂ ಸರಿಸಬಾರದು. ಊರಲ್ಲಿ ಬೇರೆ ಯಾವ ಕಾಯಿದೆ ಮುರಿದರೂ ಇದನ್ನು ಮುರಿಯುವವರಿಲ್ಲ. ಅಂಥ ಸಾಲನ್ನು ನನ್ನ ಮಗಳು ದಿನಾಲೂ ಮುರಿಯತೊಡಗಿದಳು. ಮೊಣಕಾಲ ಮೇಲೆ ಕುಳಿತು, ಒಂದೊಂದೇ ಡಬ್ಬಿಗೆ ಕಿವಿ ಹಚ್ಚಿ ಬೆರಳಿನಿಂದ ತಟ್ಟಿ, ಆಮೇಲೆ ಎರಡೂ ಕೈಯಿಂದ ಎಳೆದೆಳೆದು ತನಗೆ ಬೇಕಾದ ಹಾಗೆ ಜೋಡಿಸುತ್ತಿದ್ದಳು. ನಡುವೆ ಯಾರಾದರೂ ಒಂದನ್ನು ತೆಗೆದರೆ ನೆಲಕ್ಕೆ ಬಿದ್ದು ಕಿರುಚುತ್ತಿದ್ದಳು.

"ನನ್ನ ಡಬ್ಬಿ ಮುಂದ ಇತ್ತು. ಯಾವಾಕಿ ಹಿಂದ ಸರಿಸಿದಾಕಿ?"

"ನಾ ಯಾಕ ಸರಸ್ಲಿ? ನಿನ್ನ ಡಬ್ಬಿ ಮುಟ್ಟಿದ್ರ ನನ್ನ ಕೈಗೆ ತುಕ್ಕ ಹತ್ತತದ."

ಜಗಳ ಜುಟ್ಟಿನ ತನಕ ಹೋಗುವ ಹೊತ್ತಿಗೆ ನಾನು ಮೋಟರು ಬಂದ್ ಮಾಡಿ ತೀರ್ಪು ಕೊಟ್ಟೆ. "ನಮ್ಮ ಹುಡುಗಿ ಇಟ್ಟಿದ್ದೇ ಪಾಳಿ. ಆಕಿಗೊಂದು ಲೆಕ್ಕ ಅದ."

"ಏನ್ ಲೆಕ್ಕರಿ ಅದು?"

"ಅದು ತಿಳೀತಿದ್ರ ನಾನೂ ನೀವೂ ತಹಸೀಲಿ ಕಚೇರ್ಯಾಗ ಕುಂದರ್ತಿದ್ವಿ, ಅಕ್ಕಾ."

ನನಗೂ ತಿಳಿದಿರಲಿಲ್ಲ. ಆದರೆ ಗಿರಣಿ ನನ್ನದು.

ಅದೇ ವಾರ ಒಬ್ಬ ಹೆಣ್ಣುಮಗಳ ಡಬ್ಬಿ ಮೊದಲು ನಿಂತ ದಿನವೇ ಅವಳ ಮಗಳಿಗೆ ಅಕ್ಕಲಕೋಟೆ ಕಡೆಯ ಗಂಡು ಗೊತ್ತಾಯಿತು. ಅಲ್ಲಿಗೆ ಊರು ನಿರ್ಧರಿಸಿಬಿಟ್ಟಿತು. ಗಿರಣಿಯ ಹುಡುಗಿಯ ಮೈಯಲ್ಲಿ ಏನೋ ಇದೆ, ಅವಳು ಯಾರ ಡಬ್ಬಿ ಮುಂದಿಡುತ್ತಾಳೋ ಅವರ ಮನೆಗೆ ಒಳ್ಳೆಯದಾಗುತ್ತದೆ. ಮರುದಿನದಿಂದ ಹಿಂದೆ ಬಿದ್ದವರ ಜಗಳ ನಿಂತು, ಮುಂದೆ ಬರಲು ಹರಕೆ ಶುರುವಾಯಿತು. ಬೆಲ್ಲದ ಚೂರು, ಶೇಂಗಾ, ಒಬ್ಬಳಂತೂ ಹಸಿರು ಬಳೆ ತಂದಳು. ಮಗಳು ಬಳೆ ಇಟ್ಟ ಕೈಯನ್ನೂ ನೋಡಲಿಲ್ಲ, ಬಳೆಯನ್ನೂ ನೋಡಲಿಲ್ಲ. ನನ್ನ ಅವ್ವ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡು, "ದೇವಿ ಮೌನ ಹಿಡಿದಾಳ," ಎಂದಳು. ಬೆಂಗಳೂರಿನ ಆಫೀಸರ ಒಂದೇ ವಾರದಲ್ಲಿ ದೇವಿಯಾದ. ನಾನು ದೇವಿ ಅಲ್ಲ, ದಿಮಾಗು, ಅಂದರೆ ಮಿದುಳು, ಎಂದು ವಾದಿಸಿದೆ. ಏನೋ ಒಂದು ಕೊರತೆ ಇರಬಹುದು ಎಂದು ಮಾತ್ರ ಇಬ್ಬರೂ ಅನ್ನಲಿಲ್ಲ. ಹೆಂಡತಿ ಅಂದಳು, ಯಾರೂ ಕೇಳಲಿಲ್ಲ.

ಆ ಬೇಸಿಗೆಯಲ್ಲೇ, ತುಂಟತನಕ್ಕೆ ಊರೆಲ್ಲ ಬೈಯುತ್ತಿದ್ದ ಉಡಾಳ ಬಂದ. ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ಹೆಂಡತಿಯ ತಮ್ಮ ಒಕ್ಕಲುತನ ಮಾಡಿಕೊಂಡಿದ್ದ. ಅವನ ಮಗನಿಗೆ ಆರು ನಡೆದಿತ್ತು. ಹುಡುಗ ತೊಗರಿಗೆ ಔಷಧ ಹೊಡೆಯುವ ಪಂಪನ್ನು ಬಿಚ್ಚಿ ತಿಪ್ಪೆಯ ಮೇಲೆ ಹರವಿಟ್ಟಿದ್ದ. ಅದಾದ ಮೇಲೆ ಮನೆತನದ ಒಬ್ಬ ಅಜ್ಜ ತೀರಿಕೊಂಡಾಗ, ಹೆಣದ ಸುತ್ತ ಊರೇ ಕುಳಿತು ಅಳುತ್ತಿರುವಾಗ ಎದ್ದು ನಿಂತು, "ಅಜ್ಜ ಸತ್ತಮ್ಯಾಲ ಅವನ ಹಸಿವು ಎಲ್ಲಿಗಿ ಹೋತು?" ಎಂದು ಕೇಳಿದ್ದ. ಅಳುತ್ತಿದ್ದವರು ಅಳು ಮರೆತು ಅವನತ್ತ ತಿರುಗಿದರಂತೆ. ಅಪ್ಪ ಅಲ್ಲೇ ಕಪಾಳಕ್ಕೆ ಬಿಟ್ಟನಂತೆ.

ಮೈದುನ ಅವನನ್ನು ಕೈಹಿಡಿದು ಎಳೆದುಕೊಂಡೇ ಬಂದ. "ಮಾಮಾ, ಇವನ್ನ ನಿಮ್ಮ ಗಿರಣ್ಯಾಗ ಇಟ್ಕೊಳ್ರಿ. ಆ ಸಪ್ಪಳದಾಗ ಇವನ ಪ್ರಶ್ನಿ ಯಾರಿಗೂ ಕೇಳಂಗಿಲ್ಲ."

"ಬಿಡು ತಮ್ಮಾ," ಎಂದೆ ನಾನು ಹಿಗ್ಗಿ. "ನನ್ನ ಮಗಳ ಸಂಗಾಟ ನಾಕ ದಿನ ಇದ್ರ ಇವನಿಗೂ ಜರಾ ಬುದ್ಧಿ ಹತ್ತತದ."

ಗಿರಣಿಯ ಸಪ್ಪಳ ಸಾಲಲಿಲ್ಲ. ಹುಡುಗ ಹಿಟ್ಟು ಬೀಳುವ ಬಾಯಿಗೆ ಕೈಯಿಟ್ಟು ಕೂಗುತ್ತಿದ್ದ. "ಮಾಮಾ, ಜೋಳ ತಣ್ಣಗ ಹಾಕ್ತೀರಿ, ಹಿಟ್ಟು ಯಾಕ ಬಿಸಿ ಬರ್ತದ?"

"ಕಲ್ಲ ತಿರಗ್ತಾವ, ಅದಕ್ಕ."

"ನಮ್ಮ ಬಾವಿ ಗಾಲಿನೂ ತಿರಗ್ತದ. ನೀರ ಬಿಸಿ ಬರಂಗಿಲ್ಲಲ್ಲ."

"ಸುಮ್ಕ ಕುಂದ್ರು ಲೇ."

ನಾನು ಕಲ್ಲಿನ ಎದೆಬಡಿತ ಬಲ್ಲವನು. ಉತ್ತರ ನನ್ನ ಹತ್ತಿರ ಇರಲಿಲ್ಲ ಎಂದಲ್ಲ, ಅವನ ವಯಸ್ಸಿಗೆ ತಕ್ಕ ಉತ್ತರ ಇರಲಿಲ್ಲ.

ಹೀಗೆ ಪ್ರಶ್ನೆ ಕೇಳುತ್ತಿದ್ದವನು ಒಮ್ಮೆಲೇ ಸುಮ್ಮನಾದ. ನೆಲದ ಮೇಲೆ ಬೋರಲು ಮಲಗಿ ನನ್ನ ಮಗಳು ಡಬ್ಬಿ ಜೋಡಿಸುವುದನ್ನೇ ನೋಡತೊಡಗಿದ. ಒಂದು ದಿನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದರು. ಹುಡುಗ ಒಳಗಿನಿಂದ ಓಡಿ ಬಂದು ನನ್ನ ಧೋತರ ಹಿಡಿದು ಎಳೆದ.

"ಮಾಮಾ, ಬರ್ರಿ, ಲಗೂನ ಬರ್ರಿ. ಅತ್ತೀ, ನೀವೂ ಬರ್ರಿ. ಎಲ್ಲಾರೂ ಬರ್ರಿ."

ಎಲ್ಲರೂ ಹೋದೆವು. ಅವನು ಸಾಲಿನ ಮೊದಲ ಡಬ್ಬಿಯನ್ನು ಬೆರಳ ಗೆಣ್ಣಿನಿಂದ ಬಡಿದ. ಧಮ್ ಎಂದಿತು. ಎರಡನೆಯದು ಜರಾ ಸಣ್ಣ ದನಿ. ಮುಂದಿನದು ಇನ್ನೂ ಸಣ್ಣದು. ಹೀಗೆ ಬಡಿಯುತ್ತ ಕೊನೆಯ ಡಬ್ಬಿಗೆ ಬಂದಾಗ ಟಿಣ್ ಎಂದು ಗುಡಿಯ ಗಂಟೆಯ ಮರಿಯ ಹಾಗೆ ಕೇಳಿಸಿತು. ನಡುವೆ ಎಲ್ಲಿಯೂ ಒಂದು ದನಿ ಹಿಂದೆ ಮುಂದೆ ಆಗಿರಲಿಲ್ಲ.

"ಆಕಿ ದನಿ ನೋಡಿ ಇಡ್ತಾಳ," ಎಂದ ಹುಡುಗ, ಒಬ್ಬೊಬ್ಬರ ಮುಖವನ್ನೇ ನೋಡುತ್ತ. "ಕಾಳು ತುಂಬಿದ್ರ ದಪ್ಪ ದನಿ, ಅರ್ಧ ಇದ್ರ ಸಣ್ಣ ದನಿ. ಕೇಳಿದ್ರೋ ಇಲ್ಲೋ? ಇನ್ನೊಮ್ಮಿ ಬಡೀಲಿ?"

ನನ್ನ ಮಗಳು ಆ ಹೊತ್ತು ಗೋಡೆಗೆ ಮುಖ ಮಾಡಿ ಹಿಟ್ಟಿನ ಧೂಳಿನಲ್ಲಿ ಬೆರಳು ಎಳೆಯುತ್ತ ನಿಂತಿದ್ದಳು. ಅಷ್ಟು ಮಂದಿ ತನ್ನ ಕೆಲಸ ನೋಡಿ ಬೆರಗಾಗಿದ್ದಾರೆ ಎಂಬುದು ಅವಳಿಗೆ ಬೇಕೇ ಆಗಿರಲಿಲ್ಲ.

"ದೇವಿ ಆಟದಾಗ ಬಾಯಿ ಹಾಕ್ತಿ ಏನೋ ಮೂಳಾ," ಎಂದು ಅವ್ವ ಹುಡುಗನ ಬೆನ್ನಿಗೆ ಒಂದು ಕೊಟ್ಟಳು. ನಾನು, "ಕೇಳಿದ್ರಿ, ನನ್ನ ಮಗಳ ದಿಮಾಗು?" ಎಂದು ಎದೆ ಸೆಟೆಸಿದೆ. ಹುಡುಗನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಹೆಣ್ಣುಮಕ್ಕಳು ಮಾತ್ರ ಬಹಳ ಶಾಣ್ಯಾರು. ಮರುದಿನದಿಂದ ಎಲ್ಲರೂ ಡಬ್ಬಿ ಕಂಠಮಟ್ಟ ತುಂಬಿ, ಮನೆಯಲ್ಲೇ ಬಡಿದು ನೋಡಿ ತರತೊಡಗಿದರು. ದೇವಿಯ ಕೃಪೆಯನ್ನು ಜೋಳ ಹಾಕಿ ಹೆಚ್ಚಿಸಿಕೊಳ್ಳುವ ದಾರಿ ಸಿಕ್ಕಿತಲ್ಲ.

ಜೂನ್ ಬಂತು. ಮಗಳಿಗೆ ಹೊಸ ಲಂಗ ತೊಡಿಸಿ, ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಶಾಲೆಗೆ ಕರೆದೊಯ್ದೆ. ಹೆಡ್ ಮಾಸ್ತರರು ಕನ್ನಡಕ ಏರಿಸಿ ಕೇಳಿದರು, "ನಿನ್ನ ಹೆಸರೇನವಾ?"

"ನಿನ್ನ ಹೆಸರೇನವಾ," ಎಂದಳು ಮಗಳು, ಅವರದೇ ದನಿಯಲ್ಲಿ, ಅವರ ಮೂಗಿನ ಗುಂಯ್ ಸಮೇತ.

ಪಕ್ಕದ ಮಾಸ್ತರರು ಬಾಯಿಗೆ ಕೈ ಅಡ್ಡ ಇಟ್ಟರು. ಹೆಡ್ ಮಾಸ್ತರರು ಕೆಂಪಾದರು. ನಾನು ಪರಿಸ್ಥಿತಿ ಸುಧಾರಿಸಲು, "ಧಾರಣಿ ಹೇಳವ್ವಾ," ಎಂದೆ. ಅವಳು ಹೇಳಿದಳು. ಮುಗಿಯುವ ತನಕ ನಿಲ್ಲಿಸಲಿಲ್ಲ.

"ಗಿರಣಿಯವ್ರ, ಸಿಟ್ಟಾಗಬ್ಯಾಡ್ರಿ," ಎಂದರು ಹೆಡ್ ಮಾಸ್ತರರು. "ಕೂಸಿನ ತಲಿ ಬರೋಬ್ಬರಿ ಇಲ್ಲ. ಹಾಜರಿ ಕೂಗಿದ್ರ ಹಾಜರ್ ಅನ್ನದಾಕಿನ್ನ ನಾ ಹ್ಯಾಂಗ ಇಟ್ಕೊಳ್ಲಿ? ಮೂಗರ ಶಾಲಿ ಇರ್ತಾವ, ನೋಡ್ರಿ."

"ಮೂಗರ ಶಾಲಿ? ನಿಮ್ಗಿಂತ ಛಲೋ ಕನ್ನಡ ಮಾತಾಡ್ತಾಳ್ರಿ ಸರ್."

"ಅದಕ್ಕೇ ಹೇಳಾಕತ್ತೇನಿ."

ನಾನು ಎದ್ದು ನಿಂತೆ. "ಸೊಲ್ಲಾಪುರದ ದೊಡ್ಡ ಡಾಕ್ಟರಿಗೆ ತೋರಿಸ್ತೇನಿ. ಈಕಿ ಶಾಣ್ಯಾಕಿ ಅಂತ ಅವ್ರ ಬಾಯಿಂದ ಅನಿಸ್ತೇನಿ. ಆಮ್ಯಾಲ ಏನಂತೀರಿ?"

"ಅವ್ರು ಅಂದ್ರ ನಾ ಇಟ್ಕೊಳ್ತೇನಿ. ಇಲ್ಲಂದ್ರ ಇಲ್ಲ. ಈ ತಿಂಗಳ ಕಡೀಗಿ ಹೆಸರು ಹಚ್ಚೂದು ಮುಗೀತದ."

ರೋಗ ಇಲ್ಲದ ಮಗುವನ್ನು ಶಾಣ್ಯಾತನ ತಪಾಸಿಸಲು ಡಾಕ್ಟರರ ಹತ್ತಿರ ಒಯ್ದವನು ಆಳಂದದಲ್ಲಿ ನಾನೇ ಮೊದಲಿಗನಿರಬೇಕು. ಹೆಂಡತಿಯ ಜೊತೆ ಉಡಾಳನನ್ನೂ ಕರೆದೊಯ್ಯಬೇಕಾಯಿತು. ಅವನನ್ನು ಬಿಟ್ಟು ಹೋದರೆ ತಾನೂ ಬಸ್ಸಿಗೆ ಬರುತ್ತೇನೆ ಎಂದು ಅವ್ವ ಚಪ್ಪಲಿ ಮೆಟ್ಟಿದ್ದಳು.

ಸೊಲ್ಲಾಪುರದ ಡಾಕ್ಟರು ವಯಸ್ಸಾದ ಹೆಣ್ಣುಮಗಳು, ಮಕ್ಕಳನ್ನು ನೋಡುವವರು. ಮರಾಠಿ ಬೆರೆತ ಕನ್ನಡ. ನಾನು ಬಂದ ಉದ್ದೇಶ ಹೇಳಿ, ಧಾರಣೆ, ಡಬ್ಬಿ, ಪಟ್ಟಾ ಎಲ್ಲ ವರ್ಣಿಸುತ್ತ ಹೋದೆ. "ಜರಾ ಥಾಂಬಾ, ಜರಾ ತಡೀರಿ. ನೀವು ಶಾಣ್ಯಾರು, ಅದು ತಿಳೀತು. ಕೂಸನ್ನ ನೋಡಗೊಡ್ರಿ," ಎಂದು ನನ್ನನ್ನು ಮೂಲೆಯ ಕುರ್ಚಿಗೆ ಕಳಿಸಿದರು.

ಸ್ಟೆಥಸ್ಕೋಪು ಹಚ್ಚಲಿಲ್ಲ. ನೆಲದ ಮೇಲೆ ಕುಳಿತರು. ಕೀಲಿ ಕೊಟ್ಟರೆ ಕುಣಿಯುವ ಒಂದು ತಗಡಿನ ಕಪ್ಪೆಯನ್ನು ಬಿಟ್ಟರು. ಅದು ಕುಣಿದು ನಿಂತಿತು. ನನ್ನ ಮಗಳು ಡಾಕ್ಟರರ ಮಣಿಕಟ್ಟು ಹಿಡಿದು, ಅವರ ಕೈಯನ್ನು ಇಕ್ಕಳದ ಹಾಗೆ ಒಯ್ದು ಕೀಲಿಯ ಮೇಲೆ ಇಟ್ಟಳು. ಮುಖ ನೋಡಲಿಲ್ಲ. ಇನ್ನೊಮ್ಮೆ ನಿಂತಾಗ ಇನ್ನೊಮ್ಮೆ ಹಾಗೆಯೇ. ಉಡಾಳ ಅಷ್ಟರಲ್ಲಿ ಕಪ್ಪೆಯನ್ನು ತಿರುವಿ ಹಾಕಿ, "ಡಾಕ್ಟರಬಾಯಿ, ಇದರ ಹೊಟ್ಯಾಗ ಸುರಳಿ ಅದೇನ್ರಿ? ಬಿಚ್ಚಲೇನು? ಮಾಮಾ, ನೋಡ್ರಿ ಇಲ್ಲಿ, ಹಲ್ಲಿನ ಗಾಲಿ ಕಾಣಸ್ತದ. ಅತ್ತೀ, ನೋಡ್ರಿ," ಎಂದು ಎಲ್ಲರನ್ನೂ ಕರೆಯುತ್ತಿದ್ದ. ನಾನು ಕುರ್ಚಿಯಿಂದಲೇ ಕಣ್ಣು ದೊಡ್ಡದು ಮಾಡಿ ಹೆದರಿಸಿದೆ.

"ಬೆದರಿಸಬ್ಯಾಡ್ರಿ ಅವನಿಗೆ," ಎಂದರು ಡಾಕ್ಟರು. ಆಮೇಲೆ ಹೆಂಡತಿಯನ್ನು ಬಹಳ ಹೊತ್ತು ಮಾತಾಡಿಸಿದರು. ಯಾವಾಗ ನಡೆದಳು, ಯಾವಾಗ ನಕ್ಕಳು, ಏನಾದರೂ ಚೆಂದ ಕಂಡರೆ ಬೆರಳು ಮಾಡಿ ನಿಮಗೆ ತೋರಿಸುತ್ತಾಳೋ. ಕೊನೆಯ ಪ್ರಶ್ನೆಗೆ ಹೆಂಡತಿ ತಲೆ ಅಲ್ಲಾಡಿಸಿದಳು. ಒಮ್ಮೆಯೂ ಇಲ್ಲ.

ಆಗ ಡಾಕ್ಟರು ನನ್ನನ್ನು ಹತ್ತಿರ ಕರೆದರು. "ಯಜಮಾನ್ರೇ, ನಿಮ್ಮ ಮನ್ಯಾಗ ಒಂದು ಬಹಳ ಶಾಣ್ಯಾ ಕೂಸು ಅದ."

ನಾನು ಹೆಂಡತಿಯ ಕಡೆ ತಿರುಗಿ ಮೀಸೆ ಮುಟ್ಟಿಕೊಂಡೆ.

"ಈ ಹುಡುಗ," ಎಂದರು.

ಕಪ್ಪೆಯ ಹೊಟ್ಟೆ ಅಷ್ಟೊತ್ತಿಗೆ ಎರಡು ಹೋಳಾಗಿತ್ತು.

"ನಿಮ್ಮ ಮಗಳ ಕಿವಿ, ನೆನಪು, ಎರಡೂ ಖರೇ. ಸುಳ್ಳಲ್ಲ. ಆದ್ರ ನೆನಪು ಒಂದೇ ನೋಡಿ ಬುದ್ಧಿ ಅಳೀಬಾರ್ದು. ಶಾಣ್ಯಾ ಕೂಸುಗಳೂ ಒಂಟಿ ಇರ್ತಾವ, ಸಾಲು ಹಚ್ತಾವ, ಹಟ ಮಾಡ್ತಾವ. ಹೊರಗಿಂದ ಅವೂ ಈಕಿಯಂಥಾವೂ ಒಂದೇ ಕಾಣಸ್ತಾವ. ಆದ್ರ ಶಾಣ್ಯಾ ಕೂಸಿಗೆ ಏನರ ತಿಳದ್ರ ಇನ್ನೊಬ್ಬರಿಗೆ ತೋರಸ್ದ ಹೊರತು ಸಮಾಧಾನ ಇರಂಗಿಲ್ಲ. ಈ ಹುಡುಗ ನಿಮ್ಮ ಮುಖ ನೋಡ್ತಾನ, ನಿಮಗ ತಿಳೀತೋ ಇಲ್ಲೋ ಅಂತ. ಈಕಿಗೆ ತನ್ನ ದನಿಗಳೇ ಸಾಕು. ಮಾತು ಬರ್ತಾವ, ಆದ್ರ ಮಾತಾಡಾಕ ಅಲ್ಲ." ಅದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ನಾನು ಆ ಮಾತು ಕೇಳಿದ್ದು ಅಂದೇ ಮೊದಲು.

"ಹುಚ್ಚೇನ್ರಿ?" ಎಂದೆ.

"ಅಲ್ಲ. ಹುಚ್ಚೂ ಅಲ್ಲ, ದೇವ್ರೂ ಅಲ್ಲ, ನೀವು ಸಾಕಿದ್ರಾಗ ತಪ್ಪೂ ಅಲ್ಲ. ಒಂದೇ ಕೂಸಿನಾಗ ಶಾಣ್ಯಾತನ, ಆಟಿಸಂ ಎರಡೂ ಇರಬಹುದು. ಇಂದೇ ಪಕ್ಕಾ ಹೇಳಂಗಿಲ್ಲ, ಇನ್ನೆರಡು ಸಲ ಕರಕೊಂಡು ಬರ್ರಿ. ಶಾಲಿಗೆ ಮಾತ್ರ ಹಾಕ್ರಿ. ದಿನಾ ಒಂದೇ ಜಾಗ ಕೊಡ್ಲಿ, ಏನರ ಬದಲ ಮಾಡೂದಿದ್ರ ಮೊದ್ಲೇ ಹೇಳ್ಲಿ, ಕಣ್ಣಾಗ ಕಣ್ಣಿಟ್ಟು ನೋಡು ಅಂತ ಹೊಡೀಬಾರ್ದು. ಈ ಹುಡುಗಗೂ ಕೆಲಸ ಕೊಡ್ರಿ. ಇಲ್ಲಂದ್ರ ಇವ ನಿಮ್ಮ ಗಿರಣಿ ಬಿಚ್ತಾನ."

ವಾಪಸು ಬಸ್ಸಿನಲ್ಲಿ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ವಾಗದರಿ ದಾಟಿದ ಮೇಲೆ ಹೆಂಡತಿ ಮಾತಾಡಿದಳು. "ಯಾಕ್ರಿ, ಯಾರೋ ಸತ್ತಾಂಗ ಕುಂತೀರಿ? ಕೂಸು ನಿನ್ನೆ ಹ್ಯಾಂಗಿತ್ತೋ ಇವತ್ತೂ ಹಾಂಗೇ ಅದ. ನೀವು ಊರಿಗೆಲ್ಲ ಹೇಳಿದ ಮಾತೊಂದು ಸುಳ್ಳಾತು, ಅಷ್ಟೇ."

"ಅರ್ಧ ಸುಳ್ಳು," ಎಂದೆ. "ಕಿವಿ ಖರೇ ಅಂದಾರ."

ಮೈದುನನಿಗೆ ಹೇಳಿ ಕಳಿಸಿದೆವು. ಅವನು ಕೊಳಕೂರಿನಿಂದ ಗಾಬರಿಯಾಗಿ ಓಡಿ ಬಂದ. ಮಗ ಶಾಣ್ಯಾ ಎಂದು ಅಕ್ಕ ಹೇಳಿದಾಗ, "ಇವನಾ? ಡಾಕ್ಟರಿಗೆ ಮೈಯಾಗ ಬರೋಬ್ಬರಿ ಇತ್ತೇನಕ್ಕಾ?" ಎಂದ. ಬಡಿದ ಏಟುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಎಂಬುದು ಅವನಿಗೆ ತಿಳಿಯಲಿಲ್ಲ. ಮಗನನ್ನು ನಮ್ಮಲ್ಲೇ ಬಿಟ್ಟು ಹೋದ.

ತಿಂಗಳು ಮುಗಿಯಲು ಬಂದಿತ್ತು. ನಾವಿಬ್ಬರೂ ಎರಡೂ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹೋದೆವು.

"ಏನಂದ್ರು ಡಾಕ್ಟರು?" ಎಂದರು ಹೆಡ್ ಮಾಸ್ತರರು.

"ನಮ್ಮ ಮನ್ಯಾಗ ಒಂದು ಬಹಳ ಶಾಣ್ಯಾ ಕೂಸು ಅದ ಅಂದ್ರು," ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೆಡ್ ಮಾಸ್ತರರು ಮಗಳ ಕಡೆ ನೋಡಿ, ಹುಬ್ಬೇರಿಸಿ, ಲೇಖನಿ ತೆಗೆದರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಕೆಲಸ ಆಗಿಹೋಗುತ್ತಿತ್ತು.

"ಈಕಿ ಅಲ್ರಿ, ಇವ," ಎಂದಳು ಹೆಂಡತಿ. "ಈಕಿಗೆ ಬ್ಯಾರೆ ಥರ ಕಲಸ್ಬೇಕು ಅಂದಾರ. ಅದನ್ನ ಹೇಳದೇ ಬಿಟ್ಟು ಹೋದ್ರ ನಾಳಿ ನೀವು ಹೊಡೀತೀರಿ." ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಲೇಖನಿ ಮುಚ್ಚಿಕೊಂಡಿತು. "ಹುಡುಗನ್ನ ಇಲ್ಲಿ ಬಿಡ್ರಿ. ಶಾಣ್ಯಾ ಹುಡುಗ ನಮಗ ಬೇಕು. ಈ ಕೂಸನ್ನ ಇಟ್ಕೊಳ್ಳಾಕ ನನಗ ಆಗಂಗಿಲ್ಲ."

ನಾನು ಇಬ್ಬರೂ ಮಕ್ಕಳನ್ನು ಮುಂದೆ ಎಳೆದು ನಿಲ್ಲಿಸಿದೆ. ಬಾಯಿಂದ ಎತ್ತಿನ ಸಂತೆಯ ಮಾತು ಬಂತು. "ಸರ್, ಇದು ಜೋಡೆತ್ತು. ಒಂದನ್ನ ಬಿಡಿಸಿ ಕೊಡಂಗಿಲ್ಲ. ಸೊಲ್ಲಾಪುರದ ಡಾಕ್ಟರು ಶಾಣ್ಯಾ ಅಂದ ಹುಡುಗ ಬೇಕಂದ್ರ ಈಕಿನೂ ಬರ್ತಾಳ. ಇಲ್ಲಂದ್ರ ಇಬ್ರನ್ನೂ ಬಜಾರದ ಕಡಿ ಶಾಲಿಗೆ ಹಾಕ್ತೇನಿ."

ಬಜಾರದ ಕಡೆಯ ಶಾಲೆಗೂ ಇವರ ಶಾಲೆಗೂ ಹಳೆಯ ಪೈಪೋಟಿ. ಹೆಡ್ ಮಾಸ್ತರರು ಇಬ್ಬರನ್ನೂ ನೋಡಿದರು, ನನ್ನನ್ನು ನೋಡಿದರು. "ಒಂದು ತಿಂಗಳು ನೋಡ್ತೇನಿ," ಎಂದು ಇಬ್ಬರ ಹೆಸರೂ ಬರೆದರು.

ತಿಂಗಳು ಆಗುವ ಮೊದಲೇ ಅವರು ಗಿರಣಿಗೆ ಬಂದರು. ಮಗಳನ್ನು ಬಿಡಿಸಲು ಬಂದರು ಎಂದುಕೊಂಡು ಮೋಟರು ಬಂದ್ ಮಾಡಿದೆ. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಗಿರಣಿಯವ್ರ, ನಿಮ್ಮ ಶಾಣ್ಯಾನ್ನ ನನಗ ತಡಕೊಳ್ಳಾಕ ಆಗವಲ್ತು," ಎಂದರು ಹೆಡ್ ಮಾಸ್ತರರು, ಕಟ್ಟೆಯ ಮೇಲೆ ಕುಸಿದು. "ಸೊನ್ನಿ ಅಂದ್ರ ಏನೂ ಇಲ್ಲ ಅಂದೆ. ಏನೂ ಇಲ್ಲಂದ್ರ ಯಾಕ ಬರೀತೀರಿ ಅಂತಾನ. ಶಾಲಿ ಗಂಟಿ ಬಿಚ್ಚಿ ನಾಲಗಿ ತಗದಿಟ್ಟಾನ. ಊಟಕ್ಕ ಬಿಡೂದು ಯಾರಿಗೂ ತಿಳೀಲಿಲ್ಲ."

"ಹುಡುಗಿ ಹ್ಯಾಂಗ್ರಿ?" ಎಂದಳು ಹೆಂಡತಿ.

"ಆಕಿ ತಂಟೇ ಇಲ್ರಿ. ಇಡೀ ಹಾಜರಿ ಆಕಿಗೆ ಬಾಯಿಪಾಠ ಆಗ್ಯದ. ನನ್ನ ದನಿಯಾಗ ತಾನೇ ಕೂಗ್ತಾಳ. ಒಂದು ಹೆಸರು ಬಿಟ್ಟೆ ಅಂದ್ರ ಮುಂದ ಹೋಗಗೊಡಂಗಿಲ್ಲ. ತನ್ನ ಹೆಸರಿಗೆ ಮಾತ್ರ ಹಾಜರ್ ಅನ್ನಂಗಿಲ್ಲ, ಆ ಹುಡುಗ ಅಂತಾನ." ಅವರು ಬೆವರು ಒರೆಸಿಕೊಂಡರು. "ಅವನನ್ನ ಎರಡನೇ ಇಯತ್ತಿಗಿ ಹಾಕಿ ನೋಡಿದೆ. ಈಕಿ ಅವತ್ತು ಒಳಗೇ ಬರಲಿಲ್ಲ. ಎರಡನೇ ಇಯತ್ತಿ ಬಾಗಿಲದಾಗ ಹೋಗಿ ನಿಂತ್ಳು. ಬಿಸಲಾಗ, ಮಧ್ಯಾಹ್ನದ ತನ. ಅಳಲಿಲ್ಲ, ಕೂಗಲಿಲ್ಲ. ಕಡೀಕ ನಾನೇ ಸೋತು ಅವನನ್ನ ಹೊಳ್ಳಿ ಕರಕೊಂಡು ಬಂದೆ."

ಕರೆದರೆ ತಿರುಗದ ಮಗಳು ಯಾರೋ ಇಲ್ಲ ಎಂದು ಹುಡುಕಿಕೊಂಡು ಹೋಗಿದ್ದಳು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಪಟ್ಟಾ ಒರೆಸಿದೆ.

"ಹಂಗಾದ್ರ ಈಗ ಯಾರನ್ನ ಬಿಡಸ್ತೀರಿ ಸರ್?" ಎಂದೆ.

"ಯಾರನ್ನ ಬಿಡಸ್ಲಿ? ಅವನನ್ನ ತಗದ್ರ ಈಕಿ ಬರಂಗಿಲ್ಲ. ಈಕಿ ಬರಲಿಲ್ಲಂದ್ರ ನನಗ ಹಾಜರಿ ಕೂಗಾಕ ಬ್ಯಾಸರ." ಹೆಡ್ ಮಾಸ್ತರರು ಎದ್ದು ಧೋತರ ಝಾಡಿಸಿಕೊಂಡರು. "ಇಬ್ರ ಹೆಸರೂ ಪಕ್ಕಾ ಮಾಡೀನಿ, ಅದನ್ನ ಹೇಳಾಕ ಬಂದೆ." ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು ದನಿ ತಗ್ಗಿಸಿದರು. "ಆ ಸೊಲ್ಲಾಪುರದ ಡಾಕ್ಟರು ದೊಡ್ಡವ್ರನ್ನೂ ನೋಡ್ತಾರೇನ್ರಿ?"

"ಕೇಳ್ಕೊಂಡು ಬರ್ತೇವ್ರಿ," ಎಂದಳು ಹೆಂಡತಿ. "ಮೊದ್ಲ ನಮ್ಮ ಮನಿಯವ್ರನ್ನ ತೋರಸೂದದ."